ಸಲಹಾ ಪೆಟ್ಟಿಗೆಯ ಬೀಗದ ಕೈ

2025ರ ಫೆಬ್ರವರಿ 10, ಸೋಮವಾರ. ಬೆಳಿಗ್ಗೆ ಹತ್ತು ಐವತ್ತಕ್ಕೆ ಕೇಪುಳಬೆಟ್ಟು ಪೊಲೀಸ್ ಠಾಣೆಯ ಮೆಟ್ಟಿಲ ಬುಡದಲ್ಲಿ ಒಂದು ಆಟೋ ನಿಂತಿತು. ಇಳಿದವರು ಎಪ್ಪತ್ತೆರಡು ವರ್ಷದ ಸೇಸಮ್ಮ. ಎದೆಗವಚಿಕೊಂಡಿದ್ದದ್ದು ನೀಲಿ ಬಣ್ಣದ ಶಾಲೆಯ ಬ್ಯಾಗು. ಬ್ಯಾಗಿನ ಒಂದು ಬದಿ ಒದ್ದೆಯಾಗಿತ್ತು.

ಠಾಣೆಯಲ್ಲಿ ಆಗ ಮೇಜಿನ ಹಿಂದೆ ಇದ್ದವಳು ಎಎಸ್‌ಐ ಕಾಂತಿ. ನಲವತ್ತೆರಡು ವರ್ಷ, ಮಾತು ಕಡಿಮೆ, ಅಕ್ಷರ ದುಂಡಗೆ. ಆ ಅಕ್ಷರದ ದೆಸೆಯಿಂದಲೇ ಅವಳ ಸೇವೆಯ ಹೆಚ್ಚಿನ ಪಾಲು ಬರೆಯುವುದರಲ್ಲಿ ಕಳೆದಿತ್ತು. ಯಾರದೋ ದೂರು, ಯಾರದೋ ಹೇಳಿಕೆ, ಯಾರದೋ ಮುಚ್ಚಳಿಕೆ. ಈ ಠಾಣೆಗೆ ಅವಳು ಬಂದದ್ದು ಇದು ಎರಡನೇ ಸಲ. ಮೊದಲ ಸಲ ಬಂದಾಗ ಇನ್ನೂ ಕಾನ್‌ಸ್ಟೇಬಲ್.

"ಕೂತುಕೊಳ್ಳಿ ಅಮ್ಮ. ಎಂತಾಯ್ತು?"

"ಕೂತುಕೊಳ್ಳಲಿಕ್ಕೆ ಬಂದದ್ದಲ್ಲ ಮಗಾ. ನನ್ನ ಪುಳ್ಳಿ ಕಾಣುವುದಿಲ್ಲ. ಮಗನ ಮಗಳು. ಪ್ರಾಪ್ತಿ ಅಂತ."

"ಯಾವಾಗಿಂದ?"

"ಏಳು ಗಂಟೆಗೆ ಬಸ್ಸಿಗೆ ಅಂತ ಹೊರಟದ್ದು. ಬಸ್ಸು ಹತ್ತಲೇ ಇಲ್ಲವಂತೆ. ಹುಲ್ಲಿಗೆ ಹೋದ ಹೆಂಗಸರಿಗೆ ಈ ಬ್ಯಾಗು ಕಿಂಡಿ ಅಣೆಕಟ್ಟಿನ ಹತ್ತಿರ ಸಿಕ್ಕಿತು. ಮನೆಗೆ ತಂದು ಕೊಟ್ಟರು."

ಕಾಂತಿಯ ಪೆನ್ನು ನಿಂತಿತು. "ತಾಯಿ ಎಲ್ಲಿ?"

"ಇದ್ದಾಳೆ, ಫೋನಿನಲ್ಲಿ. ನೆಂಟರಿಗೆಲ್ಲ ಒಬ್ಬೊಬ್ಬರಿಗೇ ಫೋನು ಮಾಡಿ, ಗೊತ್ತಾಗದ ಹಾಗೆ ಕೇಳ್ತಾ ಇದ್ದಾಳೆ. ಹೆಣ್ಣುಮಗು, ಠಾಣೆ ಬೇಡ, ಮರ್ಯಾದೆ ಹೋಗ್ತದೆ ಅಂತ." ಮುದುಕಿ ಬ್ಯಾಗನ್ನು ಮೇಜಿನ ಮೇಲಿಟ್ಟರು. "ಮರ್ಯಾದೆ ಬೇಕಾದರೆ ಹೋಗಲಿ. ನೀನು ಬರಿ."

ಕಾಂತಿ ಬರೆದಳು. ಪ್ರಾಪ್ತಿ, 14 ವರ್ಷ, ಒಂಬತ್ತನೇ ತರಗತಿ. ತಂದೆ ದೋಹಾದಲ್ಲಿ ಉದ್ಯೋಗ. ತಾಯಿ ಸುಗಂಧಿ, ಗೃಹಿಣಿ. ಅಪ್ರಾಪ್ತ ಮಕ್ಕಳು ಕಾಣೆಯಾದರೆ ಕಾಯುವ ಹಾಗಿಲ್ಲ, ಅಪಹರಣವೆಂದೇ ದಾಖಲಿಸಬೇಕು. 11.15ಕ್ಕೆ ಎಫ್ಐಆರ್ ಆಯಿತು. 11.20ಕ್ಕೆ ಜೀಪು ಹೊರಟಿತು.

ಚಾಲಕ ಹೆಡ್ ಕಾನ್‌ಸ್ಟೇಬಲ್ ಡೊಂಬಯ್ಯ ನಿವೃತ್ತಿಗೆ ಹತ್ತಿರವಾದವನು, ಸುಮ್ಮನಿರುವ ಅಭ್ಯಾಸ ಇಲ್ಲದವನು. "ಪ್ರಾಪ್ತಿ ಅಂದರೆ ಆ ಹುಡುಗಿಯಲ್ವಾ ಮೇಡಂ? ಜುಲೈಯಲ್ಲಿ ನಮ್ಮ ಕಾರ್ಯಕ್ರಮಕ್ಕೆ ಸ್ವಾಗತಗೀತೆ ಹಾಡಿದ್ದು?"

ಕಾಂತಿಗೆ ನೆನಪಾಯಿತು. ಎರಡು ಜಡೆ, ಹಾಡುವಾಗ ಕಣ್ಣು ಮುಚ್ಚುವ ಹುಡುಗಿ. ಪೊಲೀಸರ 'ತೆರೆದ ಮನೆ' ಕಾರ್ಯಕ್ರಮ ಅದು. ಶಾಲೆಗೆ ಹೋಗಿ ಮೊಬೈಲು, ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮ್‌ನ ಅಪಾಯ ಹೇಳುವುದು. ಕಾಂತಿಗೆ ಭಾಷಣ ಬರುತ್ತಿರಲಿಲ್ಲ. ಬರೆದುಕೊಂಡು ಹೋಗಿ ಓದುತ್ತಿದ್ದಳು. ಕೊನೆಗೆ ಮಾತ್ರ ಕಾಗದ ಮಡಿಸಿ, ಮಕ್ಕಳ ಮುಖ ನೋಡಿ ಒಂದು ಮಾತು ಹೇಳುತ್ತಿದ್ದಳು.

ಡೊಂಬಯ್ಯ ಅದನ್ನೇ ಅವಳ ದನಿಯಲ್ಲಿ ಅಣಕಿಸಿ ಹೇಳಿದ: "'ಒಂದು ಸಲ ಸರಿಯಾಗಿ ಹೆದರಿದ ಮಗು ಎರಡನೇ ಸಲ ತಪ್ಪು ಮಾಡುವುದಿಲ್ಲ.' ನನಗೇ ಬಾಯಿಪಾಠ ಆಗಿ ಹೋಗಿದೆ ಮಾರಾಯ್ರೆ, ನಿಮ್ಮ ಈ ಡೈಲಾಗು."

"ರಸ್ತೆ ನೋಡಿ ಡೊಂಬಯ್ಯ."

ಕಿಂಡಿ ಅಣೆಕಟ್ಟು ಫಲ್ಗುಣಿ ಹೊಳೆಯ ಒಂದು ತಿರುವಿನಲ್ಲಿತ್ತು. ಡಿಸೆಂಬರಿನಲ್ಲಿ ಕಿಂಡಿಗಳಿಗೆ ಹಲಗೆ ಇಳಿಸಿ, ಮಧ್ಯೆ ಮಣ್ಣು ತುಂಬಿ ನೀರು ನಿಲ್ಲಿಸಿದ್ದರು. ಮೇಲ್ಬದಿಯಲ್ಲಿ ಎರಡಾಳು ಆಳದ ಹಸಿರು ನೀರು. ಪಿಎಸ್‌ಐ ಲೋಕನಾಥ ಬೆಳ್ತಂಗಡಿಯಿಂದ ಅಗ್ನಿಶಾಮಕದವರನ್ನು ಕರೆಸಿದರು. ಊರಿನ ಮೂವರು ಈಜುಗಾರರು ಮೊದಲೇ ನೀರಿಗಿಳಿದಿದ್ದರು. ಮಧ್ಯಾಹ್ನದ ಮೇಲೆ ಸುಗಂಧಿಯೂ ಬಂದಳು. ತಲೆ ಬಾಚಿ, ಸೀರೆ ಸರಿಯಾಗಿ ಉಟ್ಟು, ಯಾರದೋ ಮನೆಯ ಕಾರ್ಯಕ್ರಮಕ್ಕೆ ಬಂದವಳ ಹಾಗೆ ನಿಂತಳು. ಅವಳ ಕೈಯಲ್ಲಿದ್ದ ಫೋನು ಒಂದೇ ಸಮನೆ ನಡುಗುತ್ತಿತ್ತು. ದೋಹಾದ ಕರೆ. ಅವಳು ತೆಗೆಯಲಿಲ್ಲ.

3.20ಕ್ಕೆ ಒಬ್ಬ ಈಜುಗಾರ ಮೇಲೆ ಬಂದು ಕೈಯೆತ್ತಿದ.

ಸೇಸಮ್ಮ ದಡದ ಕಲ್ಲಿನ ಮೇಲೆ ಕೂತರು. ಆಗ ಕೂತವರು ಸಂಜೆಯವರೆಗೆ ಏಳಲಿಲ್ಲ.

ಪಂಚರ ಸಮಕ್ಷಮ ಸ್ಥಳದ ಪಂಚನಾಮೆ ಆಗುವಾಗ ಬರೆಯುವ ಕೆಲಸ ಕಾಂತಿಯದೇ. ಒಂದು ಜೊತೆ ಚಪ್ಪಲಿ, ಅಣೆಕಟ್ಟಿನ ಎಡತುದಿಯಲ್ಲಿ, ಜೋಡಿಸಿಟ್ಟದ್ದು. ಆರಡಿ ಉದ್ದದ ಬಿದಿರ ಕೋಲು, ತುದಿ ಹೊಸದಾಗಿ ಮುರಿದದ್ದು, ನಾಲ್ಕನೇ ಕಿಂಡಿಯ ಮೇಲೆ. ಪಾಚಿಯ ಮೇಲೆ ಒಂದು ಉದ್ದನೆಯ ಜಾರಿದ ಗುರುತು. ನಾಲ್ಕನೇ ಕಿಂಡಿಯ ಎರಡು ಹಲಗೆಗಳ ಸಂದಿನಲ್ಲಿ, ನೀರಿಗೆ ಒಂದು ಗೇಣು ಮೇಲೆ, ಒಂದು ಮೊಬೈಲು.

ಕಾಂತಿ ಆ ಮೊಬೈಲನ್ನೂ ಕೋಲನ್ನೂ ಎರಡು ಸಲ ನೋಡಿದಳು. ಆಮೇಲೆ ಅಣೆಕಟ್ಟಿನ ಮೇಲೆ ಮಂಡಿಯೂರಿ ಕೂತು ಕೈ ಚಾಚಿ ನೋಡಿದಳು. ಕೈ ಎಟುಕಲಿಲ್ಲ.

"ಸರ್, ಇವಳು ಸಾಯಲಿಕ್ಕೆ ಬಂದದ್ದಲ್ಲ."

"ಮತ್ತೆ?"

"ಮೊಬೈಲನ್ನು ನೀರಿಗೆ ಎಸೆಯಲಿಕ್ಕೆ ಬಂದದ್ದು. ಎಸೆದಳು, ಅದು ಸಂದಿನಲ್ಲಿ ಸಿಕ್ಕಿಕೊಂಡಿತು. ಕೋಲು ತಂದು ತಳ್ಳಲಿಕ್ಕೆ ನೋಡಿದ್ದಾಳೆ. ಕೋಲು ಮುರಿದಿದೆ, ಕಾಲು ಜಾರಿದೆ."

ಲೋಕನಾಥ ಮೂವತ್ತೊಂದರ ಯುವಕ, ಬುದ್ಧಿವಂತ. ಒಂದು ನಿಮಿಷ ನೀರು ನೋಡಿ ಕೇಳಿದರು: "ಹದಿನಾಲ್ಕು ವರ್ಷದ ಮಗು ಶಾಲೆ ಬಿಟ್ಟು ಮೊಬೈಲು ಮುಳುಗಿಸಲಿಕ್ಕೆ ಬರಬೇಕಾದರೆ ಅದರಲ್ಲಿ ಎಂತ ಇತ್ತು?"

ಸುಗಂಧಿಯನ್ನು ಕೇಳಿದರೆ ಅವಳು ಸೆರಗಿನ ತುದಿ ನೋಡುತ್ತ ಹೇಳಿದಳು: "ಅದು ನನ್ನ ಹಳೆಯ ಮೊಬೈಲು. ಅಪ್ಪನ ಹತ್ತಿರ ಮಾತಾಡಲಿಕ್ಕೆ ಅಂತ ಕೊಟ್ಟದ್ದು. ಬೇರೆ ಎಂತದೂ ಇಲ್ಲ ಅದರಲ್ಲಿ. ಅವಳು ಒಳ್ಳೆಯ ಹುಡುಗಿ." ಸ್ವಲ್ಪ ತಡೆದು, "ಜಾರಿ ಬಿದ್ದದ್ದು ಅಂತಲೇ ಬರೀತೀರಲ್ಲ ಮೇಡಂ?"

"ಜಾರಿ ಬಿದ್ದದ್ದೇ ಅಕ್ಕ."

ಆಗ ಸುಗಂಧಿ ಅತ್ತಳು. ನಿಂತಲ್ಲೇ, ಸೀರೆ ಕೆಡದ ಹಾಗೆ.

ಮಂಗಳವಾರ ಮರಣೋತ್ತರ ಪರೀಕ್ಷೆ ಮುಗಿಯಿತು. ನೀರಿನಲ್ಲಿ ಮುಳುಗಿ ಮರಣ, ಬೇರೆ ಗಾಯ ಇಲ್ಲ. ಸಂಜೆಯ ವಿಮಾನದಲ್ಲಿ ಬಂದ ತಂದೆ ಮಗಳ ಮುಖ ಸರಿಯಾಗಿ ನೋಡಿದ್ದು ಮೂರು ವರ್ಷಗಳ ನಂತರ. ಮೊಬೈಲನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಲಾಯಿತು. ವರದಿ ಬರಲು ತಿಂಗಳು ಬೇಕು.

ಬುಧವಾರ ಬೆಳಿಗ್ಗೆ ಶಾಲೆಯಿಂದ ಒಂದು ಸುದ್ದಿ ಬಂತು. ಪ್ರಾಪ್ತಿಯ ತರಗತಿಯ ಒಬ್ಬ ಹುಡುಗ ಮೂರು ದಿನದಿಂದ ಶಾಲೆಗೆ ಬಂದಿಲ್ಲ. ಹೆಸರು ಮುಝಮ್ಮಿಲ್.

ಲೋಕನಾಥ ಕುರ್ಚಿಯಿಂದ ಎದ್ದೇಬಿಟ್ಟರು. "ಕರ್ಕೊಂಡು ಬನ್ನಿ."

"ಜೀಪಿನಲ್ಲಿ ಕರ್ಕೊಂಡು ಬಂದರೆ ಸಂಜೆಯೊಳಗೆ ಪೇಟೆ ಬಂದ್ ಆಗ್ತದೆ ಸರ್," ಕಾಂತಿ ಹೇಳಿದಳು. "ನಾನು ಸೀರೆ ಉಟ್ಟು ಅವರ ಮನೆಗೇ ಹೋಗ್ತೇನೆ. ಮಕ್ಕಳ ಹೇಳಿಕೆ ಯೂನಿಫಾರ್ಮಿನಲ್ಲಿ ತೆಗೆಯುವ ಹಾಗೂ ಇಲ್ಲ."

ಲೋಕನಾಥ ಕಿಟಕಿಯ ಹೊರಗೆ ನೋಡಿದರು. ಎದುರಿನ ಗೂಡಂಗಡಿಯಲ್ಲಿ ನಾಲ್ವರು ಯುವಕರು ಬೈಕಿಗೆ ಒರಗಿ ಠಾಣೆಯತ್ತಲೇ ಮುಖ ಮಾಡಿ ಚಹಾ ಕುಡಿಯುತ್ತಿದ್ದರು. "ಹೋಗಿ. ಆ ಹುಡುಗನ ಹೆಸರು ನನ್ನ ನಿಮ್ಮ ನಡುವೆ ಇರಲಿ."

ಮುಝಮ್ಮಿಲ್ ಮಂಚದ ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಮೀಸೆ ಇನ್ನೂ ಮೂಡದ ಮುಖ. ತಾಯಿ ಬಾಗಿಲು ಹಾಕಿ ಅಗುಳಿ ಎಳೆದಳು.

"ಇವನು ಎಂತದೂ ಮಾಡಲಿಲ್ಲ ಮೇಡಂ."

"ಗೊತ್ತುಂಟು. ಅವನು ಹೇಳಲಿ."

ಹುಡುಗ ತಲೆದಿಂಬಿನ ಕೆಳಗಿನಿಂದ ಮೊಬೈಲು ತೆಗೆದು ಚಾಚಿದ. ಭಾನುವಾರ ಸಂಜೆ 6.42ಕ್ಕೆ ಪ್ರಾಪ್ತಿ ಅವನಿಗೆ ಮೂರು ಸ್ಕ್ರೀನ್‌ಶಾಟ್ ಕಳಿಸಿದ್ದಳು. ಮೂರೂ 'ವಿಸ್ಮಿತಾ' ಎಂಬ ಇನ್‌ಸ್ಟಾಗ್ರಾಮ್ ಖಾತೆಯ ಜೊತೆಗಿನ ಮಾತುಕತೆ. ಹೆಸರಿನ ಪಕ್ಕ ಒಂದು ಬೆಕ್ಕಿನ ಮರಿಯ ಚಿತ್ರ.

ಮೊದಲನೆಯದು ಆಗಸ್ಟ್ ತಿಂಗಳದ್ದು. 'ಹಾಯ್. ನಾನು ಮೂಡುಬಿದಿರೆಯಲ್ಲಿ ಓದುವುದು, ನೈಂತ್. ನನ್ನ ಪಪ್ಪನೂ ಗಲ್ಫಿನಲ್ಲಿ. ವಿಡಿಯೊ ಕಾಲಿನಲ್ಲಿ ನಗಬೇಕು ಅಂತ ಮಮ್ಮಿ ಹೇಳ್ತಾರೆ. ನನಗೆ ನಗು ಬರುವುದಿಲ್ಲ. ಯಾರೋ ಅನ್ನಿಸ್ತದೆ. ನಿನಗೂ ಹಾಗೆ ಆಗ್ತದಾ?'

ಎರಡನೆಯದರಲ್ಲಿ ಪ್ರಾಪ್ತಿಯೇ ಈ ಗೆಳತಿಗೆ ಕಳಿಸಿದ ಒಂದು ಫೋಟೊ. ಡಿಸೆಂಬರಿನಲ್ಲಿ ಮೂಡುಬಿದಿರೆಯ ವಿಜ್ಞಾನ ಪ್ರದರ್ಶನಕ್ಕೆ ಹೋದಾಗ ಬಸ್ಸಿನಲ್ಲಿ ತೆಗೆದದ್ದು. ಅವಳೂ ಮುಝಮ್ಮಿಲ್ಲನೂ ಒಂದೇ ಇಯರ್‌ಫೋನಿನ ಎರಡು ತುದಿಯನ್ನು ಒಂದೊಂದು ಕಿವಿಗೆ ಇಟ್ಟುಕೊಂಡು ನಗುತ್ತಿದ್ದರು. ಅಷ್ಟೇ. ಬೇರೆ ಊರಿನಲ್ಲಾದರೆ ಅದನ್ನು ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ.

ಮೂರನೆಯದು ಭಾನುವಾರದ್ದು. 'ಇದನ್ನು ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಊರಿನ ಗ್ರೂಪುಗಳಿಗೆಲ್ಲ ಹಾಕ್ತೇನೆ. ನಿನ್ನ ಹೆಸರು, ಅವನ ಹೆಸರು, ಇಬ್ಬರ ಮನೆಯ ದಾರಿ ಎಲ್ಲ ಸೇರಿಸಿ. ಆಮೇಲೆ ಆಗುವುದನ್ನು ನೋಡು.'

ಕಾಂತಿ ಮೊಬೈಲನ್ನು ಮಂಚದ ಮೇಲಿಟ್ಟಳು. "ನೀನು ಯಾರಿಗಾದರೂ ಹೇಳಿದೆಯಾ?"

"ಯಾರಿಗೆ ಹೇಳುವುದು?" ಹುಡುಗನ ದನಿ ಮೊದಲ ಸಲ ಹೊರಬಂತು. "ನಾನು ಹೇಳಿದರೆ ನನ್ನನ್ನೇ ಹೊಡೀತಾರೆ. ಅಬ್ಬನನ್ನೂ ಹೊಡೀತಾರೆ. ಅವಳು ಫೋನಿನಲ್ಲಿ ಅಳ್ತಾ ಇದ್ದಳು. ಎಂತ ಮಾಡುವುದು, ಎಂತ ಮಾಡುವುದು ಅಂತ. ಆಗ ನಾನು..."

"ಹೇಳು."

"ಮೊಬೈಲನ್ನೇ ಹೊಳೆಗೆ ಬಿಸಾಡು ಅಂತ ಹೇಳಿದೆ. ಅಕೌಂಟು, ಫೋಟೊ ಎಲ್ಲ ಅದರಲ್ಲೇ ಅಲ್ವಾ ಇರುವುದು. ಅದು ಹೋದರೆ ಎಲ್ಲ ಹೋಗ್ತದೆ ಅಂತ."

ತಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಕಾಂತಿ ಹೇಳಿಕೆಯ ಹಾಳೆಯಲ್ಲಿ ಉಳಿದದ್ದೆಲ್ಲ ಬರೆದಳು. ಆ ಒಂದು ಸಾಲನ್ನು ಬರೆಯಲಿಲ್ಲ. ಸೇವೆಯ ಹತ್ತೊಂಬತ್ತು ವರ್ಷದಲ್ಲಿ ಅವಳು ಗೊತ್ತಿದ್ದೂ ಬಿಟ್ಟ ಸಾಲು ಅದೊಂದೇ ಎಂದು ಅವಳಿಗೆ ಆಗ ಅನ್ನಿಸಿತ್ತು.

ಎದ್ದು ಹೊರಡುವಾಗ ಹುಡುಗ ಹಿಂದಿನಿಂದ ಹೇಳಿದ: "ಮೇಡಂ, ಆ ವಿಡಿಯೊ ಕಾಲಿನ ವಿಷಯ. ನಗು ಬರುವುದಿಲ್ಲ, ಯಾರೋ ಅನ್ನಿಸ್ತದೆ ಅಂತ. ಅದು ಅವಳು ಚೀಟಿಯಲ್ಲಿ ಬರೆದದ್ದು. ನಾನು ಬದಿಯಲ್ಲೇ ಇದ್ದೆ. ಅದೇ ಮಾತು."

"ಯಾವ ಚೀಟಿ?"

"ನೀವು ಇಟ್ಟು ಹೋದ ಪೆಟ್ಟಿಗೆಗೆ ಹಾಕಿದ ಚೀಟಿ."

ಕಾಂತಿ ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದಳು.

ಪೆಟ್ಟಿಗೆ ಇಟ್ಟದ್ದು ಅವಳೇ. ಜುಲೈಯ ಕಾರ್ಯಕ್ರಮದ ಕೊನೆಗೆ, ಶಾಲೆಯ ಜಗಲಿಯಲ್ಲಿ, ಕೆಂಪು ಬಣ್ಣದ ತಗಡಿನ ಸಲಹಾ ಪೆಟ್ಟಿಗೆ. ಮನೆಯಲ್ಲೂ ಹೇಳಲಾಗದ್ದನ್ನು ಇದಕ್ಕೆ ಬರೆದು ಹಾಕಿ, ಹೆಸರು ಬೇಡ, ನಾವು ಓದುತ್ತೇವೆ ಎಂದು ಮಕ್ಕಳಿಗೆ ಹೇಳಿದ್ದಳು. ತಿಂಗಳಿಗೊಮ್ಮೆ ಪೊಲೀಸರ ಎದುರೇ ತೆರೆಯಬೇಕೆಂಬುದು ನಿಯಮ. ಮೊದಲ ತಿಂಗಳು ಬಂದೋಬಸ್ತು, ಎರಡನೇ ತಿಂಗಳು ಚೌತಿ, ಮೂರನೇ ತಿಂಗಳು ಸಮನ್ಸ್. ಠಾಣೆಯಲ್ಲಿ ಹನ್ನೊಂದು ಜನ, ಗಸ್ತಿಗೆ ಏಳು ಗ್ರಾಮ. ಬೀಗದ ಕೈಯನ್ನು ಅವಳು ಕಾರ್ಯಕ್ರಮದ ದಿನವೇ ಶಾಲೆಯ ಕಂಪ್ಯೂಟರ್ ಟೀಚರ್ ಶರಣ್ಯಾಳಿಗೆ ಕೊಟ್ಟುಬಿಟ್ಟಿದ್ದಳು. "ನೀವೇ ತೆಗೆದು ನೋಡಿ. ಎಂತ ಇದ್ದರೂ ನನಗೊಂದು ಫೋನು ಮಾಡಿ." ಫೋನು ಬಂದಿರಲಿಲ್ಲ. ಬಾರದ್ದರಿಂದ ಎಲ್ಲ ಸರಿಯಿದೆಯೆಂದು ಅವಳು ನೆಮ್ಮದಿಯಾಗಿದ್ದಳು.

ಗುರುವಾರ 11.30ಕ್ಕೆ ಶರಣ್ಯಾಳಿಂದ ಬೀಗದ ಕೈ ತರಿಸಿ, ಮುಖ್ಯ ಶಿಕ್ಷಕರ ಎದುರು ಪಂಚನಾಮೆ ಮಾಡಿ ಪೆಟ್ಟಿಗೆ ತೆರೆದರು. ಒಳಗೆ ಒಂದು ಒಣಗಿದ ಜೇಡ, ಮತ್ತೇನೂ ಇಲ್ಲ.

ಶರಣ್ಯಾ ಕರೆದ ಕೂಡಲೇ ಬಂದಳು. ಇಪ್ಪತ್ತಮೂರು ವರ್ಷ, ಹತ್ತಿಯ ಚೂಡಿದಾರ, ಎಣ್ಣೆ ಹಚ್ಚಿ ಹೆಣೆದ ಜಡೆ. ಅವಳ ಕಣ್ಣು ಕಾಂತಿಯ ಮುಖದ ಮೇಲೆ ನಿಂತದ್ದು ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು.

"ಚೀಟಿಗಳು ಬರ್ತಾ ಇದ್ದವಾ?"

"ಇದ್ದವು ಮೇಡಂ."

"ಎಲ್ಲಿವೆ?"

"ಹೆಡ್‌ಮಾಸ್ಟ್ರಿಗೆ ಕೊಡ್ತಾ ಇದ್ದೆ."

ಮುಖ್ಯ ಶಿಕ್ಷಕರು ಕನ್ನಡಕ ತೆಗೆದರು. "ನನಗಾ? ಒಂದೂ ಕೊಟ್ಟಿಲ್ಲ ಟೀಚರ್."

ಶರಣ್ಯಾ ವಾದಿಸಲಿಲ್ಲ. "ಹಾಗಾದರೆ ನನಗೆ ನೆನಪಿಲ್ಲ," ಎಂದಳು.

"ಮೂಡುಬಿದಿರೆಗೆ ಮಕ್ಕಳನ್ನು ಕರ್ಕೊಂಡು ಹೋದದ್ದು ಯಾರು?"

"ನಾನೇ. ಬಸ್ಸಿನಲ್ಲಿ ಅವರ ಹಿಂದಿನ ಸೀಟಿನಲ್ಲೇ ಕೂತಿದ್ದೆ."

ಕೇಳದ ಪ್ರಶ್ನೆಗೆ ಬಂದ ಆ ಉತ್ತರವನ್ನು ಕಾಂತಿ ಹಾಗೆಯೇ ಬರೆದುಕೊಂಡಳು.

ಊಹೆಯ ಮೇಲೆ ಬಂಧಿಸುವಂತಿರಲಿಲ್ಲ. ಬಂಟ್ವಾಳದ ಡಿವೈಎಸ್ಪಿ ಕಚೇರಿಯ ತಾಂತ್ರಿಕ ವಿಭಾಗದಲ್ಲಿ ರಂಜಿತ್ ಎಂಬ ಕಾನ್‌ಸ್ಟೇಬಲ್ ಇದ್ದ. 'ವಿಸ್ಮಿತಾ' ಖಾತೆಯ ಬಗ್ಗೆ ಕಂಪೆನಿಗೆ ಬುಧವಾರವೇ ತುರ್ತು ಪತ್ರ ಹೋಗಿತ್ತು. ಶುಕ್ರವಾರ ಮಧ್ಯಾಹ್ನ ಲೋಕನಾಥ, ಕಾಂತಿ ಇಬ್ಬರೂ ಅವನ ಕಂಪ್ಯೂಟರಿನ ಎದುರು ಕೂತಿದ್ದರು.

"ಸಾಮಾನ್ಯವಾಗಿ ಮೂರು ವಾರ ಆಟ ಆಡಿಸ್ತಾರೆ ಸರ್," ರಂಜಿತ್ ಹೇಳಿದ. "ಮಗು ಸತ್ತಿದೆ ಅಂತ ಬರೆದದ್ದಕ್ಕೆ ಎರಡೇ ದಿನದಲ್ಲಿ ಬಂತು. ಸಾಯುವ ಮೊದಲು ಬರೆದಿದ್ದರೆ ಮೂರು ವಾರವೇ."

"ಕತೆ ಬೇಡ, ವಿಷಯ ಹೇಳು."

"ಈ ಖಾತೆ ಎರಡೇ ಜಾಗದಿಂದ ತೆರೆದದ್ದು. ಒಂದು ಆ ಶಾಲೆಯ ಲ್ಯಾಬಿನ ಇಂಟರ್‌ನೆಟ್ಟು, ಊಟದ ಬಿಡುವಿನಲ್ಲಿ. ಇನ್ನೊಂದು ಮುಂಡಾಜೆಯ ಒಂದು ಮನೆಯ ವೈಫೈ, ಸಂಜೆ ಹೊತ್ತು. ಸಂಪರ್ಕ ಇರುವುದು ವೆಂಕಟೇಶ್ವರ ಅಂತ ಒಬ್ಬರ ಹೆಸರಿನಲ್ಲಿ. ರಿಟೈರ್ಡ್ ಮಾಸ್ಟ್ರು."

"ಟೀಚರಿನ ತಂದೆ," ಕಾಂತಿ ಹೇಳಿದಳು. ಗುರುವಾರ ಶರಣ್ಯಾ ತಂದೆಯ ಹೆಸರು ಬರೆಸಿದಾಗಲೂ, ಈಗಲೂ ಆ ಹೆಸರು ಹೊಸದಲ್ಲ ಅನ್ನಿಸಿತು. ಯಾಕೆ ಎಂದು ತಿಳಿಯಲಿಲ್ಲ.

ಹೆಣ್ಣನ್ನು ಸೂರ್ಯಾಸ್ತದ ಮೇಲೆ ಬಂಧಿಸುವ ಹಾಗಿಲ್ಲ. ಫೆಬ್ರವರಿ 15, ಶನಿವಾರ ಬೆಳಿಗ್ಗೆ 7.10ಕ್ಕೆ ಜೀಪು ಮುಂಡಾಜೆಯಲ್ಲಿ ಚಾರ್ಮಾಡಿ ರಸ್ತೆ ಬಿಟ್ಟು ಒಂದು ಸಿಮೆಂಟಿನ ಮನೆಯ ಎದುರು ನಿಂತಿತು. ಅಂಗಳದಲ್ಲಿ ಹೂ ಕೊಯ್ಯುತ್ತಿದ್ದ ವೆಂಕಟೇಶ್ವರ ತಿರುಗಿ ನೋಡಿದರು. ಲೋಕನಾಥರನ್ನಲ್ಲ, ಕಾಂತಿಯನ್ನು.

"ನೀವಾ?" ಎಂದರು. ಹೂವಿನ ಬುಟ್ಟಿ ಓರೆಯಾಯಿತು. "ಪುನಃ ಎಂತ?"

ಆ 'ಪುನಃ' ಕೇಳಿದಾಗ ಕಾಂತಿಗೆ ಎಲ್ಲ ನೆನಪಾಯಿತು.

2017ರ ಜೂನ್. ಅದೇ ಕೇಪುಳಬೆಟ್ಟು ಠಾಣೆ. ಆ ಊರಿನ ಹೈಸ್ಕೂಲಿನ ಮಾಸ್ಟ್ರು ಹದಿನೈದು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದರು. ಯಾರೋ ಮಗಳ ಹೆಸರಿನಲ್ಲಿ ಫೇಸ್‌ಬುಕ್ ಖಾತೆ ತೆರೆದು, ಅವಳ ಮುಖವನ್ನು ಬೇರೆ ಚಿತ್ರಕ್ಕೆ ಅಂಟಿಸಿ ಹಾಕಿದ್ದರು. ಎಫ್ಐಆರ್ ಆಗಲಿಲ್ಲ. ಅರ್ಜಿ ಎಂದು ತೆಗೆದುಕೊಂಡು, ಎರಡು ದಿನದಲ್ಲಿ ತಂದೆಯಿಂದಲೇ ಬರೆಸಿಕೊಂಡರು: 'ಮಗಳ ಭವಿಷ್ಯದ ದೃಷ್ಟಿಯಿಂದ ಮುಂದಿನ ಕ್ರಮ ಬೇಡ.' ಕೆಳಗೆ ದುಂಡನೆಯ ಅಕ್ಷರದಲ್ಲಿ ಹಿಂಬರಹ ಬರೆದು ಮುಗಿಸಿದವಳು ಕಾನ್‌ಸ್ಟೇಬಲ್ ಕಾಂತಿ.

"ಒಳಗೆ ಬನ್ನಿ," ಶರಣ್ಯಾ ಬಾಗಿಲಲ್ಲಿ ನಿಂತು ಹೇಳಿದಳು. ಅವಳು ಆಗಲೇ ಸ್ನಾನ ಮಾಡಿ, ಒಂದು ಚೀಲದಲ್ಲಿ ಎರಡು ಜೊತೆ ಬಟ್ಟೆ ತುಂಬಿ ಇಟ್ಟಿದ್ದಳು.

ಮೇಜಿನ ಖಾನೆಯಿಂದ ಅವಳೇ ಒಂದು ನೋಟ್‌ಬುಕ್ ತೆಗೆದು ಕೊಟ್ಟಳು. ಪುಟಪುಟದಲ್ಲೂ ಮಕ್ಕಳ ಚೀಟಿಗಳನ್ನು ಗೋಂದು ಹಚ್ಚಿ ಅಂಟಿಸಿತ್ತು. ಪ್ರತಿ ಚೀಟಿಯ ಕೆಳಗೆ ಅಕ್ಷರ ನೋಡಿ ಗುರುತಿಸಿದ ಹೆಸರು. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ಟೀಚರಿಗೆ ಅಕ್ಷರ ಗುರುತಿಸುವುದು ಎಂಥ ಕಷ್ಟ? ಕೊನೆಯ ಪುಟದಲ್ಲಿ ಹನ್ನೊಂದು ಹೆಸರು. ಹತ್ತರ ಎದುರು ಕೆಂಪು ಶಾಯಿಯಲ್ಲಿ ತಾರೀಕು, ಪಕ್ಕದಲ್ಲಿ 'ಬಿಟ್ಟಳು', 'ಬಿಟ್ಟ', 'ಬಿಟ್ಟಳು'. ಪ್ರಾಪ್ತಿಯ ಹೆಸರಿನ ಎದುರು ಖಾಲಿ.

ಲೋಕನಾಥ ಕೇಳಿದರು: "ಬಿಟ್ಟಳು ಅಂದರೆ?"

"ಇನ್‌ಸ್ಟಾಗ್ರಾಮ್ ಬಿಟ್ಟಳು ಅಂತ. ಅಕೌಂಟ್ ಅಳಿಸಿದರು. ಪುನಃ ಯಾರೂ ಮಾಡಲಿಲ್ಲ, ನಾನು ನೋಡ್ತಾ ಇರ್ತೇನೆ."

"ನೀನು ಮಕ್ಕಳನ್ನು ಬೆದರಿಸಿದ್ದು ಯಾಕೆ? ಹಣಕ್ಕಾ?"

"ಛೆ." ಅವಳಿಗೆ ನಿಜವಾಗಿಯೂ ಅವಮಾನವಾಯಿತು. "ಯಾವ ಫೋಟೊವನ್ನೂ ನಾನು ಯಾರಿಗೂ ಕಳಿಸಲಿಲ್ಲ ಸರ್. ಮೊದಲು ಫ್ರೆಂಡ್ ಆಗ್ತೇನೆ. ನಂಬ್ತಾರೆ. ಎಷ್ಟು ಬೇಗ ನಂಬ್ತಾರೆ ಗೊತ್ತುಂಟಾ? ಯಾರೋ ಒಬ್ಬ ಕೆಟ್ಟವನು ಸಿಗುವ ಮೊದಲು ನಾನೇ ಸಿಗಬೇಕು ಅಂತ. ಆಮೇಲೆ ಒಂದು ಸಲ ಹೆದರಿಸ್ತೇನೆ. ಒಂದೇ ಸಲ. ಎಂಟು ಗಂಟೆಗೆ ನಾನೇ ಮೆಸೇಜ್ ಮಾಡಿ ಬಿಡಿಸ್ತೇನೆ."

"ಸೋಮವಾರವೂ ಮಾಡಿದೆಯಾ?"

ಶರಣ್ಯಾ ತನ್ನ ಫೋನನ್ನು ತೆರೆದು ಮೇಜಿನ ಮೇಲಿಟ್ಟಳು. ಸೋಮವಾರ, ಬೆಳಿಗ್ಗೆ 8.00. 'ಹೆದರಿದೆಯಾ? ಯಾರಿಗೂ ಕಳಿಸುವುದಿಲ್ಲ. ಅಕೌಂಟ್ ಅಳಿಸು. ಗೊತ್ತಿಲ್ಲದವರನ್ನು ಇನ್ನು ಯಾವತ್ತೂ ನಂಬಬೇಡ. ಚೆನ್ನಾಗಿ ಓದು.'

ಕೆಳಗೆ ನೋಡಿದ ಗುರುತು ಇರಲಿಲ್ಲ. ಆ ಹೊತ್ತಿಗೆ ಫೋನು ಹಲಗೆಯ ಸಂದಿನಲ್ಲಿತ್ತು.

"ಮಧ್ಯಾಹ್ನದವರೆಗೂ ಕಾದೆ," ಎಂದಳು ಶರಣ್ಯಾ. "ಆಮೇಲೆ ಸ್ಟಾಫ್ ರೂಮಿನಲ್ಲಿ ಯಾರೋ ಹೇಳಿದರು."

ಕಾಂತಿ ನೋಟ್‌ಬುಕ್ ಮುಚ್ಚಿದಳು. "ನೀನು ಆ ಚೀಟಿಗಳನ್ನು ನನಗೆ ತಂದು ಕೊಡಬಹುದಿತ್ತು."

"ನಿಮಗಾ?" ಶರಣ್ಯಾ ನಕ್ಕಳೋ ಇಲ್ಲವೋ ತಿಳಿಯಲಿಲ್ಲ. "ಮೇಡಂ, ನಾನು ಹದಿನೈದು ವರ್ಷದವಳಿದ್ದಾಗ ನಿಮ್ಮ ಮೇಜಿನ ಎದುರು ಎರಡು ಗಂಟೆ ಕೂತಿದ್ದೆ. ಅಪ್ಪ ಬರೆದುಕೊಟ್ಟ ಮೇಲೆ ನೀವು ನನ್ನನ್ನು ಹೊರಗೆ ಕರೆದು ಹೇಳಿದಿರಿ. ಅಳಬೇಡ, ಆದದ್ದು ಒಳ್ಳೆಯದೇ ಆಯ್ತು, ಒಂದು ಸಲ ಸರಿಯಾಗಿ ಹೆದರಿದ ಮಗು ಎರಡನೇ ಸಲ ತಪ್ಪು ಮಾಡುವುದಿಲ್ಲ ಅಂತ. ನಾನು ಎಂತ ತಪ್ಪು ಮಾಡಿದ್ದೆ ಅಂತ ಎಷ್ಟೋ ವರ್ಷ ಯೋಚನೆ ಮಾಡಿದೆ. ಅವನು ಇವತ್ತಿಗೂ ಸಿಕ್ಕಲಿಲ್ಲ. ನಾನು ಮಾತ್ರ ಹೆದರಿದೆ. ನೀವು ಜುಲೈಯಲ್ಲಿ ಶಾಲೆಗೆ ಬಂದು ಅದನ್ನೇ ಮಕ್ಕಳಿಗೆ ಹೇಳಿದಿರಿ. ನನ್ನ ಗುರುತು ನಿಮಗೆ ಸಿಗಲಿಲ್ಲ. ಬೀಗದ ಕೈಯನ್ನು ನನ್ನ ಕೈಗೇ ಕೊಟ್ಟಿರಿ."

ಬಾಗಿಲಿನ ಹತ್ತಿರ ನಿಂತಿದ್ದ ವೆಂಕಟೇಶ್ವರ ಕೈ ಮುಗಿದರು. "ಇದನ್ನು ಇಲ್ಲಿಗೇ ಮುಗಿಸಲಿಕ್ಕೆ ಆಗುವುದಿಲ್ಲವಾ ಸರ್? ಹೆಣ್ಣುಮಗು."

8.05ಕ್ಕೆ ಬಂಧನದ ಮೆಮೊಗೆ ಶರಣ್ಯಾ ಸಹಿ ಹಾಕಿದಳು. ಜೀಪು ಹತ್ತುವಾಗ ಕಾಂತಿ ಅವಳ ಕೈ ಹಿಡಿಯಬೇಕಾಯಿತು.

ಮಧ್ಯಾಹ್ನ ಬೆಳ್ತಂಗಡಿಯಲ್ಲಿ ನ್ಯಾಯಾಧೀಶರ ಎದುರು ಹಾಜರುಪಡಿಸಿ, ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿ ಬಂದರು. ಸಂಜೆ ನಾಲ್ಕಕ್ಕೆ ಕಾಂತಿ ಸೇಸಮ್ಮನ ಮನೆಗೆ ಹೋಗಿ ವಿಷಯ ತಿಳಿಸಿದಳು. ಸುಗಂಧಿ ಒಂದೇ ಪ್ರಶ್ನೆ ಕೇಳಿದಳು. "ಆ ಹುಡುಗನ ಹೆಸರು ಪೇಪರಿನಲ್ಲಿ ಬರುವುದಿಲ್ಲವಲ್ಲ?" ಪ್ರಾಪ್ತಿಯ ತಂದೆ ಜಗಲಿಯಲ್ಲಿ ಕೂತು ಫೋನಿನಲ್ಲಿ ಹಳೆಯ ವಿಡಿಯೊ ಕಾಲಿನ ಚಿತ್ರಗಳನ್ನು ಒಂದೊಂದೇ ಸರಿಸುತ್ತಿದ್ದ. ಎಲ್ಲದರಲ್ಲೂ ಮಗಳು ನಗುತ್ತಿದ್ದಳು. ಸೇಸಮ್ಮ ಮಾತ್ರ ಕೇಳಿದರು: "ಟೀಚರಂತೆ. ಅವಳಿಗೆ ನಮ್ಮ ಮಗುವಿನ ಮೇಲೆ ಎಂತ ಕೋಪ ಮಗಾ?"

"ಕೋಪ ಇರಲಿಲ್ಲ ಅಮ್ಮ."

"ಮತ್ತೆ?"



ಠಾಣೆಗೆ ಹಿಂದಿರುಗಿದಾಗ ಫೋನು ಬಂತು. ಬೇರೊಂದು ಶಾಲೆಯ ಮುಖ್ಯ ಶಿಕ್ಷಕರು. "ಮೇಡಂ, ಮುಂದಿನ ವಾರ ನಮ್ಮಲ್ಲೊಂದು ಜಾಗೃತಿ ಕಾರ್ಯಕ್ರಮ ಮಾಡುವ. ಪೋಷಕರೆಲ್ಲ ಕೇಳ್ತಾ ಇದ್ದಾರೆ. ಈ ಸಲ ಮಕ್ಕಳಿಗೆ ಸ್ವಲ್ಪ ಹೆದರಿಸಿಯೇ ಹೇಳಬೇಕು, ಆಯ್ತಾ? ಇಲ್ಲದಿದ್ದರೆ ಕೇಳುವುದಿಲ್ಲ ಇವು."

ಕಾಂತಿ "ಹೇಳ್ತೇನೆ ಸರ್" ಎಂದಳೋ, "ನೋಡ್ತೇನೆ" ಎಂದಳೋ, ಇಟ್ಟ ಮೇಲೆ ಅವಳಿಗೇ ನೆನಪಿರಲಿಲ್ಲ.

ರೆಕಾರ್ಡ್ ಕೋಣೆಯಲ್ಲಿ ಹಳೆಯ ಅರ್ಜಿಗಳನ್ನು ನಾಶಪಡಿಸಲು ಕಟ್ಟು ಕಟ್ಟಿ ಇಟ್ಟಿದ್ದರು. ಪಟ್ಟಿಗೆ ಒಪ್ಪಿಗೆಯೂ ಸಿಕ್ಕಿತ್ತು. ಇನ್ನೊಂದು ವಾರ ಕಳೆದಿದ್ದರೆ ಯಾವ ಕಾಗದವೂ ಉಳಿಯುತ್ತಿರಲಿಲ್ಲ. 2017ರ ಕಟ್ಟು ಬಿಚ್ಚಿ ಅವಳು ಆ ಅರ್ಜಿಯನ್ನು ಹುಡುಕಿ ತೆಗೆದಳು. ಕಾಗದ ಹಳದಿಯಾಗಿತ್ತು. ಅಕ್ಷರ ಮಾತ್ರ ಮೊನ್ನೆ ಬರೆದ ಹಾಗೆ ದುಂಡಗೆ, ಸಾಲು ತಪ್ಪದೆ.

ಲೋಕನಾಥ ಅವಳ ಕೈಯಲ್ಲಿದ್ದದ್ದನ್ನು ನೋಡಿದರು. "ಇದನ್ನೆಲ್ಲ ಯಾಕೆ ಎಳೀತೀರಿ ಮೇಡಂ? ಕೇಸಿಗೆ ಬೇಕಾದ್ದೆಲ್ಲ ಉಂಟು. ಇದು ನಿಮ್ಮ ಕುತ್ತಿಗೆಗೇ ಬರ್ತದೆ."

"ಗೊತ್ತುಂಟು ಸರ್."

ಕೇಸ್ ಡೈರಿಯನ್ನು ತನಿಖಾಧಿಕಾರಿಯ ಪರವಾಗಿ ಯಾವತ್ತೂ ಅವಳೇ ಬರೆಯುವುದು, ಅವರು ಸಹಿ ಮಾಡುವುದು. ಆ ದಿನವೂ ಬರೆದಳು. ದಿನಾಂಕ, ಸಮಯ, ವಶಪಡಿಸಿಕೊಂಡ ವಸ್ತುಗಳು: ಮೊಬೈಲು ಒಂದು, ನೋಟ್‌ಬುಕ್ ಒಂದು, ತಗಡಿನ ಪೆಟ್ಟಿಗೆಯ ಬೀಗದ ಕೈ ಒಂದು. ಕೃತ್ಯಕ್ಕೆ ಕಾರಣ ಎಂಬಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬರೆದಳು:

'ಆರೋಪಿಗೆ ಮೃತ ಬಾಲಕಿಯ ಮೇಲೆ ದ್ವೇಷವಿರಲಿಲ್ಲ. ಹೆದರಿಸಿದರೆ ಮಕ್ಕಳು ಸುರಕ್ಷಿತವಾಗಿರುತ್ತಾರೆ ಎಂದು ಆರೋಪಿ ನಂಬಿದ್ದಳು. 2017ರಲ್ಲಿ ಈಕೆ ಇದೇ ಠಾಣೆಗೆ ದೂರು ತಂದಾಗ ಎಫ್ಐಆರ್ ದಾಖಲಿಸದೆ, ಇದೇ ಮಾತನ್ನು ಈಕೆಗೆ ಹೇಳಿ ಕಳಿಸಲಾಗಿದೆ. ಹೇಳಿದವರು: ಅಂದಿನ ಕಾನ್‌ಸ್ಟೇಬಲ್ ಕಾಂತಿ. ಅರ್ಜಿಯ ಮೂಲಪ್ರತಿ ಲಗತ್ತಿಸಿದೆ.'

ಲೋಕನಾಥ ಓದಿದರು. ಇನ್ನೊಮ್ಮೆ ಓದಿದರು. ಹೊರಗೆ ಮೂಡುಬಿದಿರೆಯ ಕಡೆ ಹೋಗುವ ಸಂಜೆಯ ಬಸ್ಸು ಟ್ಯೂಷನ್ ಮುಗಿಸಿದ ಮಕ್ಕಳನ್ನು ತುಂಬಿಕೊಂಡು ಹಾದುಹೋಯಿತು. ಕಿಟಕಿ ಕಿಟಕಿಯಲ್ಲೂ ಮೊಬೈಲಿಗೆ ಬಾಗಿದ ಒಂದೊಂದು ತಲೆ.

ಬಸ್ಸು ತಿರುವು ದಾಟುವವರೆಗೆ ಲೋಕನಾಥ ಕಾದರು. ಆಮೇಲೆ ಸಹಿ ಮಾಡಲು ಅವಳ ಪೆನ್ನನ್ನೇ ಕೇಳಿದರು.